ಸಂಸತ್ತು ತನ್ನ ಕೆಲಸ ಮಾಡುತ್ತಿದೆಯಾ? ನೀವೇ ನೋಡಿ ತಿಳಿಯುವ ದಾರಿ

ಸಂಸತ್ತಿನ ಕೆಲಸ ಏನು ಎಂದು ಕೇಳಿದರೆ ಹೆಚ್ಚಿನವರು "ಕಾನೂನು ಮಾಡುವುದು" ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ಅದೊಂದನ್ನೇ ಹಿಡಿದುಕೊಂಡರೆ, 30 ಮಸೂದೆ ಪಾಸು ಮಾಡಿದ ಸಂಸತ್ತು 10 ಪಾಸು ಮಾಡಿದ್ದಕ್ಕಿಂತ ಮೂರು ಪಟ್ಟು ಒಳ್ಳೆಯದು ಎಂದಾಗಿಬಿಡುತ್ತದೆ. ಹಾಗಿಲ್ಲ ಅಲ್ವಾ? ಸರ್ವಾಧಿಕಾರಿಗಳ ಕೈಕೆಳಗೂ ಸಂಸತ್ತುಗಳು ಇದ್ದವು, ಈಗಲೂ ಇವೆ. ಅವೂ ಕಾನೂನು ಮಾಡುತ್ತವೆ, ಅದೂ ಒಂದೇ ದಿನದಲ್ಲಿ, ಒಬ್ಬರೂ ಬೇಡ ಅನ್ನದೆ.

ಇನ್ನು ಕೆಲವರು ಗಲಾಟೆಯನ್ನು ಅಳೆಯುತ್ತಾರೆ. ಎಷ್ಟು ಗಂಟೆ ಕಲಾಪ ಹಾಳಾಯಿತು, ಯಾರು ಕಾಗದ ಹರಿದರು, ಯಾರು ಎದ್ದು ಹೊರಗೆ ನಡೆದರು. ಟಿವಿಯಲ್ಲಿ ಕಾಣುವುದು ಅಷ್ಟೇ ಆದ್ದರಿಂದ ಇದು ಸಹಜ. ಆದರೆ ಗಲಾಟೆ ಇಲ್ಲದ ಸದನ ಚೆನ್ನಾಗಿ ನಡೆಯುತ್ತಿದೆ ಎಂದೇನೂ ಇಲ್ಲ.

ನಾನು ಹಿಡಿಯುವ ಅಳತೆ ಒಂದೇ. ಸರ್ಕಾರ ಸದನಕ್ಕೆ ಬಂದು ಉತ್ತರ ಕೊಡಲೇಬೇಕಾದ ಸ್ಥಿತಿ ಇದೆಯಾ, ಉತ್ತರ ಸರಿ ಇಲ್ಲದಿದ್ದರೆ ಸದನ "ಆಗಲ್ಲ" ಅನ್ನಬಲ್ಲದಾ? ಇದನ್ನು ಪರೀಕ್ಷಿಸಲು ರಾಜ್ಯಶಾಸ್ತ್ರ ಓದಿರಬೇಕಿಲ್ಲ. ಬಹುತೇಕ ಪ್ರಜಾಪ್ರಭುತ್ವಗಳಲ್ಲಿ ಕಾಗದಪತ್ರ ಎಲ್ಲವೂ ಸಂಸತ್ತಿನ ಜಾಲತಾಣದಲ್ಲೇ ಸಿಗುತ್ತದೆ. ಎಲ್ಲಿ ನೋಡಬೇಕು, ಏನನ್ನು ನೋಡಬೇಕು ಎಂದು ಗೊತ್ತಿದ್ದರೆ ಸಾಕು.

ಮೊದಲು, ಸರ್ಕಾರವನ್ನು ಇಳಿಸುವ ಶಕ್ತಿ ಯಾರ ಕೈಯಲ್ಲಿದೆ ನೋಡಿ

ಇದು ಐದು ನಿಮಿಷದ ಕೆಲಸ. ಬ್ರಿಟನ್, ಭಾರತ, ಜರ್ಮನಿ, ಜಪಾನ್‌ಗಳಲ್ಲಿ ಸರ್ಕಾರ ಬದುಕಿರುವುದೇ ಕೆಳಮನೆಯ ಬೆಂಬಲದಿಂದ. ಬೆಂಬಲ ಹೋದರೆ ಸರ್ಕಾರವೂ ಹೋಗುತ್ತದೆ. ಭಾರತದ ಸಂವಿಧಾನದ 75ನೇ ವಿಧಿ ಇದನ್ನೇ ಹೇಳುವುದು, ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಹೊಣೆ ಎಂದು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಅಧ್ಯಕ್ಷರನ್ನು ಬೇರೆಯಾಗಿ ಆರಿಸುತ್ತಾರೆ, ಬಹುಮತ ಇಲ್ಲ ಎಂಬ ಕಾರಣಕ್ಕೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಅಧ್ಯಕ್ಷರನ್ನು ಇಳಿಸಲಾಗದು. ಆದರೆ ಹಣದ ಬೀಗದ ಕೈ ಕಾಂಗ್ರೆಸ್ ಹತ್ತಿರ ಇದೆ.

ವಿಶ್ವಾಸ ಅಥವಾ ಅವಿಶ್ವಾಸ ಗೊತ್ತುವಳಿ ಸುಮ್ನೆ ಒಂದು ಶಾಸ್ತ್ರ ಎಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 1979ರ ಮಾರ್ಚ್ 28ರಂದು ಜೇಮ್ಸ್ ಕ್ಯಾಲಹನ್ ಸರ್ಕಾರ 311–310 ಮತಗಳಲ್ಲಿ ಬಿತ್ತು. ಭಾರತದಲ್ಲಿ 1999ರ ಏಪ್ರಿಲ್ 17ರಂದು ಅಟಲ್ ಬಿಹಾರಿ ವಾಜಪೇಯಿ ಸರ್ಕಾರಕ್ಕೆ ಸಿಕ್ಕಿದ್ದು 269, ವಿರುದ್ಧ ಬಿದ್ದದ್ದು 270. ಎರಡೂ ಕಡೆ ಒಂದೇ ಮತ. ಎರಡೂ ಕಡೆ ಸರ್ಕಾರ ತಕರಾರಿಲ್ಲದೆ ಫಲಿತಾಂಶ ಒಪ್ಪಿಕೊಂಡು ಜನರ ಮುಂದೆ ಹೋಯಿತು. ಜರ್ಮನಿಯವರು ಇನ್ನೊಂದು ಷರತ್ತು ಸೇರಿಸಿದ್ದಾರೆ. ಹಳಬರನ್ನು ಇಳಿಸಬೇಕಾದರೆ ಅದೇ ಮತದಲ್ಲಿ ಹೊಸಬರನ್ನು ಆರಿಸಬೇಕು. 1982ರಲ್ಲಿ ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದದ್ದು ಹೀಗೆ.

ಗೆದ್ದೂ ಸೋಲುವುದುಂಟು. 1940ರ ಮೇ ತಿಂಗಳಲ್ಲಿ, ನಾರ್ವೆಯಲ್ಲಿ ಬ್ರಿಟಿಷ್ ಸೇನೆ ಹಿಮ್ಮೆಟ್ಟಿದ ಮೇಲೆ ನಡೆದ ಚರ್ಚೆಯಲ್ಲಿ ಪ್ರಧಾನಿ ನೆವಿಲ್ ಚೇಂಬರ್ಲಿನ್ 281–200ರಲ್ಲಿ ಗೆದ್ದರು. ಆದರೆ ಅವರ ಮಾಮೂಲಿ ಬಹುಮತ 200ಕ್ಕಿಂತ ಜಾಸ್ತಿ ಇತ್ತು, ಸ್ವಂತ ಪಕ್ಷದವರೇ ಕೈಬಿಟ್ಟಿದ್ದರು. ಎರಡು ದಿನದಲ್ಲಿ ಅವರು ರಾಜೀನಾಮೆ ಕೊಟ್ಟು, ವಿನ್ಸ್ಟನ್ ಚರ್ಚಿಲ್ ಪ್ರಧಾನಿಯಾದರು. ಹಾಗಾಗಿ ಮತದಾನದ ಸುದ್ದಿ ಬಂದಾಗ ಯಾರು ಗೆದ್ದರು ಎಂದು ನೋಡಿ ಮುಂದೆ ಹೋಗಬೇಡಿ. ಆಡಳಿತ ಪಕ್ಷದಲ್ಲಿ ಎಷ್ಟು ಮಂದಿ ಬರಲಿಲ್ಲ, ಎಷ್ಟು ಮಂದಿ ಆ ಕಡೆ ಮತ ಹಾಕಿದರು ಎಂಬುದನ್ನೂ ನೋಡಿ.

ಹಣದ ಹಿಂದೆ ಹೋಗಿ

ಸಂಸತ್ತು ಹುಟ್ಟಿದ್ದೇ ಹಣದ ಜಗಳದಲ್ಲಿ ಎಂದರೆ ಅತಿಶಯ ಅಲ್ಲ. ಇಂಗ್ಲೆಂಡಿನ ರಾಜರಿಗೆ ಯುದ್ಧಕ್ಕೆ ದುಡ್ಡು ಬೇಕಿತ್ತು, ತೆರಿಗೆ ಕಟ್ಟುವವರು ನಮ್ಮನ್ನೂ ಒಂದು ಮಾತು ಕೇಳಿ ಎಂದರು. 1215ರ ಮ್ಯಾಗ್ನಾ ಕಾರ್ಟಾದಲ್ಲಿ ಈ ಮಾತು ಇತ್ತು. ಚಾರ್ಲ್ಸ್ ದೊರೆ 1629ರಿಂದ 1640ರವರೆಗೆ, 11 ವರ್ಷ ಸಂಸತ್ತನ್ನೇ ಕರೆಯದೆ ಆಳಿದ. ಕೊನೆಗೆ ಕರೆಯಬೇಕಾಗಿ ಬಂದದ್ದೂ ಖಜಾನೆ ಖಾಲಿ ಆದದ್ದರಿಂದಲೇ. ಸಂಸತ್ತಿನ ಒಪ್ಪಿಗೆ ಇಲ್ಲದ ತೆರಿಗೆ ಕಾನೂನುಬಾಹಿರ ಎಂದು 1689ರ ಹಕ್ಕುಗಳ ಮಸೂದೆ ಬರೆದಿಟ್ಟಿತು. ಭಾರತದ ಸಂವಿಧಾನದ 265ನೇ ವಿಧಿಯಲ್ಲೂ ಇದೇ ತತ್ವ ಇದೆ, ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ ಎಂದು. ಅಮೆರಿಕದಲ್ಲಿ ಕಾಂಗ್ರೆಸ್ ಖರ್ಚಿಗೆ ಒಪ್ಪಿಗೆ ಕೊಡದಿದ್ದರೆ ಸರ್ಕಾರಿ ಕಚೇರಿಗಳೇ ಬಾಗಿಲು ಹಾಕುತ್ತವೆ.

ಬಜೆಟ್ ದಿನ ಎಲ್ಲರೂ ಭಾಷಣ ಕೇಳುತ್ತಾರೆ. ನೀವು ಭಾಷಣ ಬಿಟ್ಟರೂ ಪರವಾಗಿಲ್ಲ. ಆಮೇಲಿನ ವಾರಗಳನ್ನು ಬಿಡಬೇಡಿ. ಸರ್ಕಾರ ಒಂದೊಂದು ಇಲಾಖೆಗೆ ಇಷ್ಟಿಷ್ಟು ಬೇಕು ಎಂದು ಸದನದ ಮುಂದೆ ಬೇಡಿಕೆ ಇಡುತ್ತದೆ, ಸದನ ಚರ್ಚಿಸಿ ಮತ ಹಾಕುತ್ತದೆ. ಇಲ್ಲಿ ನೀವು ಎಣಿಸಬೇಕಾದದ್ದು, ಎಷ್ಟು ಇಲಾಖೆಗಳ ಬೇಡಿಕೆ ನಿಜವಾಗಿ ಚರ್ಚೆ ಆಯಿತು ಎಂಬುದು. ಸಮಯ ಮುಗಿಯಿತು ಎಂದು ಉಳಿದ ಎಲ್ಲವನ್ನೂ ಒಟ್ಟಿಗೆ ಮತಕ್ಕೆ ಹಾಕುವ ಪದ್ಧತಿಗೆ ಗಿಲೊಟಿನ್ ಎನ್ನುತ್ತಾರೆ. ಲೋಕಸಭೆಯಲ್ಲಿ 2013, 2018 ಮತ್ತು 2023ರಲ್ಲಿ ಒಂದೇ ಒಂದು ಸಚಿವಾಲಯದ ಬೇಡಿಕೆಯೂ ಚರ್ಚೆಯಾಗದೆ ಎಲ್ಲವೂ ಗಿಲೊಟಿನ್‌ನಲ್ಲೇ ಪಾಸಾದವು. ಬೇರೆ ಬೇರೆ ಪಕ್ಷಗಳ ಸರ್ಕಾರ ಇದ್ದ ವರ್ಷಗಳು ಇವು. ದೇಶದ ಇಡೀ ವರ್ಷದ ಖರ್ಚಿಗೆ ಇಲಾಖೆವಾರು ಒಂದು ಪ್ರಶ್ನೆಯೂ ಇಲ್ಲದೆ ಒಪ್ಪಿಗೆ ಸಿಕ್ಕಿತು. ಆ ದಿನಗಳ ದೊಡ್ಡ ಸುದ್ದಿ ಇದೇ ಆಗಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಖರ್ಚು ಮುಗಿದ ಮೇಲೆ ಎರಡನೇ ಸುತ್ತು. ಕೊಟ್ಟ ಹಣ ಹೇಳಿದ್ದಕ್ಕೇ ಖರ್ಚಾಯಿತಾ? ಇದನ್ನು ಲೆಕ್ಕ ಪರಿಶೋಧಕರು ನೋಡಿ ವರದಿ ಕೊಡುತ್ತಾರೆ, ಭಾರತದಲ್ಲಾದರೆ ಸಿಎಜಿ. ಆ ವರದಿ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ. ಇಂಥ ಸಮಿತಿಯನ್ನು ಬ್ರಿಟನ್ 1861ರಲ್ಲಿ ಶುರು ಮಾಡಿತು, ಅಲ್ಲಿ ಅಧ್ಯಕ್ಷರು ಪ್ರತಿಪಕ್ಷದವರೇ. ಭಾರತದಲ್ಲೂ 1967ರಿಂದ ಪ್ರತಿಪಕ್ಷದವರನ್ನು ಅಧ್ಯಕ್ಷರನ್ನಾಗಿ ಮಾಡುವ ರೂಢಿ ಇದೆ, ಮಂತ್ರಿಗಳಿಗೆ ಆ ಸಮಿತಿಯಲ್ಲಿ ಜಾಗವಿಲ್ಲ. ಖರ್ಚು ಮಾಡಿದವರೇ ಲೆಕ್ಕ ಪಾಸು ಮಾಡುವ ಹಾಗಾಗಬಾರದು ಎಂಬುದಕ್ಕೆ ಈ ಏರ್ಪಾಡು.

ವರದಿ ಓದುವಾಗ ಒಂದು ಸಣ್ಣ ಸಲಹೆ. ಮೊದಲ ಪುಟದಿಂದ ಶುರು ಮಾಡಿದರೆ ಸುಸ್ತಾಗುತ್ತೀರಿ. ಎರಡು ದಿನಾಂಕ ಹುಡುಕಿ. ವರದಿ ಯಾವ ವರ್ಷದ ಖರ್ಚಿನ ಬಗ್ಗೆ, ಸದನದ ಮುಂದೆ ಬಂದದ್ದು ಯಾವಾಗ? ನಡುವಿನ ಅಂತರ ಜಾಸ್ತಿ ಆದಷ್ಟೂ ವರದಿಯ ಹಲ್ಲು ಉದುರುತ್ತದೆ. ಅಷ್ಟು ಹೊತ್ತಿಗೆ ಆ ಅಧಿಕಾರಿ ನಿವೃತ್ತಿ ಆಗಿರುತ್ತಾರೆ, ಮಂತ್ರಿ ಬದಲಾಗಿರುತ್ತಾರೆ. ಆಮೇಲೆ ಸಮಿತಿಯ ಶಿಫಾರಸುಗಳ ಪಟ್ಟಿಗೆ ಹೋಗಿ, ಸರ್ಕಾರ ಯಾವುದನ್ನು ಒಪ್ಪಿದೆ, ಯಾವುದನ್ನು ಬಿಟ್ಟಿದೆ ಎಂದು ನೋಡಿ. ಬಿಟ್ಟದ್ದಕ್ಕೆ ಕೊಟ್ಟ ಕಾರಣ ಓದಿ. ನನಗೆ ಗೊತ್ತಿರುವ ಮಟ್ಟಿಗೆ ಸರ್ಕಾರದ ಮನಸ್ಸು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಪ್ರಶ್ನೆಗಳನ್ನು ಓದಿ, ಉತ್ತರಗಳನ್ನು ಇನ್ನೂ ಗಮನವಿಟ್ಟು ಓದಿ

ಸಮಯ ಕಡಿಮೆ ಇದ್ದರೆ ಉಳಿದದ್ದೆಲ್ಲ ಬಿಟ್ಟು ಇದೊಂದನ್ನೇ ಮಾಡಿ.

ಲೋಕಸಭೆಯ ದಿನ ಶುರುವಾಗುವುದೇ ಪ್ರಶ್ನೋತ್ತರ ವೇಳೆಯಿಂದ. ಚುಕ್ಕೆ ಗುರುತಿನ ಪ್ರಶ್ನೆ ದಿನಕ್ಕೆ 20. ಇವಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಕೊಡಬೇಕು, ಆಮೇಲೆ ಸದಸ್ಯರು ಉಪಪ್ರಶ್ನೆ ಹಾಕಬಹುದು. ಸಮಯ ಸಾಲದೆ ಕೆಲವು ಮಾತ್ರ ಬಾಯಿಗೆ ಬರುತ್ತವೆ. ಚುಕ್ಕೆ ಇಲ್ಲದವಕ್ಕೆ ಬರಹದ ಉತ್ತರ. ಬ್ರಿಟನ್ನಿನಲ್ಲಿ ಬುಧವಾರ ಪ್ರಧಾನಿಯೇ ಬಂದು ನಿಲ್ಲಬೇಕು. ಆ ಬುಧವಾರದ ಅಬ್ಬರ ನೋಡಲು ಚೆಂದ, ಆದರೆ ನಿಜವಾದ ಸರಕು ಬರಹದ ಉತ್ತರಗಳಲ್ಲೇ ಇರುತ್ತದೆ. ಅಲ್ಲಿ ಚಪ್ಪಾಳೆ ಇಲ್ಲ, ಕ್ಯಾಮೆರಾ ಇಲ್ಲ. ಮಂತ್ರಿ ಅಲ್ಲಿ ಕೊಟ್ಟ ಅಂಕಿ ದಾಖಲೆಯಾಗಿ ಉಳಿಯುತ್ತದೆ, ಸುಳ್ಳಾದರೆ ಸದನಕ್ಕೆ ಸುಳ್ಳು ಹೇಳಿದ ಹಾಗೆ.

ಪ್ರಶ್ನೆಯ ಬಲ ಎಷ್ಟು ಎಂದು ತಿಳಿಯಬೇಕಾದರೆ 1957ರ ಮುಂದ್ರಾ ಪ್ರಕರಣ ನೋಡಿ. ಆಗಷ್ಟೇ ಹುಟ್ಟಿದ್ದ ಎಲ್‌ಐಸಿ, ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರಿಗೆ ಸುಮಾರು 1.25 ಕೋಟಿ ರೂಪಾಯಿ ಹಾಕಿತ್ತು. ಅಂದಿನ ದಿನಕ್ಕೆ ದೊಡ್ಡ ಮೊತ್ತ. ವಿಷಯ ಪ್ರಶ್ನೆಗಳ ಮೂಲಕವೇ ಸದನಕ್ಕೆ ಬಂತು, ಸರ್ಕಾರದ ಉತ್ತರ ಯಾರಿಗೂ ಸಮಾಧಾನ ತರಲಿಲ್ಲ. ಡಿಸೆಂಬರ್‌ನಲ್ಲಿ ಫಿರೋಜ್ ಗಾಂಧಿ ಎದ್ದು ನಿಂತು, ಷೇರು ಪೇಟೆಯ ಲೆಕ್ಕ ಮುಂದಿಟ್ಟುಕೊಂಡು ಒಂದೊಂದಾಗಿ ಬಿಚ್ಚಿದರು. ಫಿರೋಜ್ ಆಡಳಿತ ಪಕ್ಷದ ಸದಸ್ಯರು, ಪ್ರಧಾನಿ ನೆಹರೂ ಅವರ ಅಳಿಯ! ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಆಯೋಗ ಜನರ ಎದುರೇ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಕಾಂಗ್ರೆಸ್ಸಿಗೆ ಸದನದಲ್ಲಿ ಭಾರೀ ಬಹುಮತ ಇದ್ದ ಕಾಲ ಅದು, ಸರ್ಕಾರ ಬೀಳುವ ಭಯವೇ ಇರಲಿಲ್ಲ. ಆದರೂ ಒಬ್ಬ ಸದಸ್ಯ ಅಂಕಿ ಸಮೇತ ಕೇಳಿದ್ದಕ್ಕೆ ಒಬ್ಬ ಹಿರಿಯ ಮಂತ್ರಿ ಹೋಗಬೇಕಾಯಿತು.

ಈಗ ನೀವು ಮಾಡಬೇಕಾದದ್ದು. ನಿಮಗೆ ನಿಜವಾಗಿ ಕಾಳಜಿ ಇರುವ ಒಂದೇ ವಿಷಯ ಆರಿಸಿಕೊಳ್ಳಿ. ಶಾಲೆ, ರೈಲು, ನದಿ ನೀರು, ಆಸ್ಪತ್ರೆ, ಯಾವುದಾದರೂ ಸರಿ, ಆದರೆ ಒಂದೇ. ಸಂಸತ್ತಿನ ಜಾಲತಾಣದಲ್ಲಿ ಪ್ರಶ್ನೆಗಳ ವಿಭಾಗಕ್ಕೆ ಹೋಗಿ ಆ ಇಲಾಖೆಯ ಹೆಸರು ಹಾಕಿ ಹುಡುಕಿ. ಒಂದು ಅಧಿವೇಶನದ ಪ್ರಶ್ನೆ ಉತ್ತರಗಳನ್ನು ಸಾಲಾಗಿ ಓದಿದರೆ ಕೆಲವು ಸಂಗತಿ ತಾನಾಗಿ ಕಣ್ಣಿಗೆ ಬೀಳುತ್ತದೆ.

ಕೆಲವು ಪ್ರಶ್ನೆಗಳು ಸರ್ಕಾರವನ್ನು ಹೊಗಳಲೆಂದೇ ಕೇಳಿದವು. "ಸರ್ಕಾರ ಇಂಥ ಯೋಜನೆಯನ್ನು ಯಶಸ್ವಿಯಾಗಿ ಜಾರಿ ಮಾಡಿದೆಯೇ, ಹಾಗಿದ್ದರೆ ವಿವರಗಳೇನು" ಎಂಬ ಧಾಟಿ. ಒಳ್ಳೆ ಪ್ರಶ್ನೆಯಲ್ಲಿ ವರ್ಷ ಇರುತ್ತದೆ, ಜಾಗ ಇರುತ್ತದೆ, ಎಷ್ಟು ಎಂದು ಕೇಳಿರುತ್ತದೆ. ಉತ್ತರದಲ್ಲೂ ಹಾಗೆಯೇ. ಎಷ್ಟು ಕೊಟ್ಟಿರಿ ಎಂದರೆ ಎಷ್ಟು ಕೊಡಲು ಉದ್ದೇಶ ಇದೆ ಎಂದು ಉತ್ತರ ಬಂದರೆ, ಜಿಲ್ಲಾವಾರು ಕೇಳಿದ್ದಕ್ಕೆ ಇಡೀ ದೇಶದ ಮೊತ್ತ ಕೊಟ್ಟರೆ, "ಈ ವಿಷಯ ರಾಜ್ಯಗಳಿಗೆ ಸೇರಿದ್ದು" ಎಂದು ಕೈ ತೊಳೆದುಕೊಂಡರೆ, ಅಲ್ಲಿ ಮಂತ್ರಿ ನುಣುಚಿಕೊಂಡಿದ್ದಾರೆ ಎಂದು ಗುರುತು ಹಾಕಿ. "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಎಂಬ ಉತ್ತರ ಬಹಳ ಸಿಗುತ್ತದೆ. ಭಾರತದಲ್ಲಿ ಇದು ಸುಮ್ನೆ ಹೇಳಿ ಮರೆಯುವ ಮಾತಲ್ಲ. ಅದು ಸದನಕ್ಕೆ ಕೊಟ್ಟ ಭರವಸೆ, ಮೂರು ತಿಂಗಳಲ್ಲಿ ಈಡೇರಿಸಬೇಕು, ಇದನ್ನು ಬೆನ್ನು ಹತ್ತಲು ಸರ್ಕಾರದ ಭರವಸೆಗಳ ಸಮಿತಿ ಎಂದೇ ಒಂದು ಸಮಿತಿ ಇದೆ. ಈಡೇರದ ಭರವಸೆಗಳ ಪಟ್ಟಿಗೆ ಬಹಳ ಕಡಿಮೆ ಓದುಗರು. ನೀವು ಓದಿ.

ಒಂದು ವಿಷಯದ ಮೇಲೆ ವರ್ಷವಿಡೀ ಯಾರೂ ಪ್ರಶ್ನೆಯೇ ಕೇಳಿಲ್ಲ ಎಂದರೆ ಅದೂ ಒಂದು ಮಾಹಿತಿಯೇ.

ಒಂದು ಮಸೂದೆಯನ್ನು ಹಿಡಿದು ಕೊನೆತನಕ ಹೋಗಿ

ಎಲ್ಲ ಮಸೂದೆಗಳನ್ನೂ ಹಿಂಬಾಲಿಸಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಒಂದನ್ನು ಆರಿಸಿ ನಾಲ್ಕು ದಿನಾಂಕ ಬರೆದುಕೊಳ್ಳಿ. ಕರಡು ಜನರಿಗೆ ಸಿಕ್ಕಿದ್ದು, ಸದನದಲ್ಲಿ ಮಂಡಿಸಿದ್ದು, ಸಮಿತಿಯಿಂದ ವಾಪಸ್ ಬಂದದ್ದು, ಮತಕ್ಕೆ ಹಾಕಿದ್ದು. ಬೆಳಿಗ್ಗೆ ಸದಸ್ಯರ ಕೈಗೆ ಕೊಟ್ಟು ಸಂಜೆ ಪಾಸು ಮಾಡಿದ ಕಾನೂನನ್ನು ಯಾರೂ ಓದಿರಲು ಸಾಧ್ಯವಿಲ್ಲ, ಪ್ರತಿಪಕ್ಷದವರೂ ಓದಿರುವುದಿಲ್ಲ, ಆಡಳಿತ ಪಕ್ಷದ ಹಿಂದಿನ ಸಾಲಿನವರೂ ಓದಿರುವುದಿಲ್ಲ, ಆದರೆ ಅದರ ಪ್ರಕಾರ ನಡೆಯದಿದ್ದರೆ ಜೈಲಿಗೆ ಹೋಗುವುದು ಮಾತ್ರ ಜನ.

ಸಮಿತಿಯ ಹಂತವನ್ನು ತಪ್ಪದೆ ನೋಡಿ. ಸದನದಲ್ಲಿ ಸದಸ್ಯರು ಕ್ಯಾಮೆರಾಗೆ ಮಾತಾಡುತ್ತಾರೆ. ಸಮಿತಿಯಲ್ಲಿ ಅದೇ ಜನ ಮೇಜಿನ ಸುತ್ತ ಕೂತು, ಅಧಿಕಾರಿಗಳನ್ನು ಕರೆಸಿ, ತಜ್ಞರನ್ನು ಕೇಳಿ, ಸಾಲು ಸಾಲಾಗಿ ಓದುತ್ತಾರೆ. ಭಾರತದಲ್ಲಿ ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳು 1993ರಲ್ಲಿ ಬಂದವು, ಈಗ 24 ಇವೆ. 15ನೇ ಲೋಕಸಭೆಯಲ್ಲಿ (2009–14) ಮಂಡಿಸಿದ ಮಸೂದೆಗಳಲ್ಲಿ ಶೇ 71 ಸಮಿತಿಗೆ ಹೋಗಿದ್ದವು. 17ನೇ ಲೋಕಸಭೆಯಲ್ಲಿ (2019–24) ಹೋದದ್ದು ಶೇ 16. ಇದರಿಂದ ಆಗುವ ನಷ್ಟ ಪಕ್ಷದ್ದಲ್ಲ, ಕಾನೂನಿನದ್ದು. ಕಾಗದದ ಮೇಲೆ ತಿದ್ದಬಹುದಾಗಿದ್ದ ತಪ್ಪನ್ನು ಆಮೇಲೆ ಕೋರ್ಟಿನಲ್ಲೋ ಬೀದಿಯಲ್ಲೋ ತಿದ್ದಬೇಕಾಗುತ್ತದೆ.

ಸಮಿತಿಯಿಂದ ಬಂದ ಮೇಲೆ ಮಸೂದೆ ಏನಾದರೂ ಬದಲಾಯಿತಾ? ಜರ್ಮನಿಯ ಸಂಸತ್ತಿನಲ್ಲಿ "ಸ್ಟ್ರುಕ್ ನಿಯಮ" ಎಂಬ ಮಾತಿದೆ, ಪೇಟರ್ ಸ್ಟ್ರುಕ್ ಎಂಬ ನಾಯಕರ ಹೆಸರಿನದು. ಯಾವ ಮಸೂದೆಯೂ ಒಳಗೆ ಬಂದ ಹಾಗೆಯೇ ಹೊರಗೆ ಹೋಗುವುದಿಲ್ಲ ಎಂಬುದು ಅದರ ಅರ್ಥ. ಇದು ಒಳ್ಳೆಯ ಪರೀಕ್ಷೆ. ನಿಮ್ಮ ಸಂಸತ್ತಿನಲ್ಲಿ ಐದು ಮಸೂದೆ ತೆಗೆದುಕೊಂಡು ಮೊದಲ ರೂಪ, ಕೊನೆಯ ರೂಪ ಹೋಲಿಸಿ. ಐದೂ ಒಂದಕ್ಷರ ಬದಲಾಗದೆ ಪಾಸಾಗಿದ್ದರೆ ಅಲ್ಲಿ ಚರ್ಚೆ ನಡೆದದ್ದು ಹೆಸರಿಗೆ ಅಷ್ಟೇ.

ಮತ ಹೇಗೆ ಹಾಕಿದರು ಎಂಬುದೂ ಮುಖ್ಯ. ಧ್ವನಿಮತದಲ್ಲಿ "ಹೌದು" ಎಂದವರು, "ಇಲ್ಲ" ಎಂದವರು ಯಾರು ಎಂದು ದಾಖಲೆ ಇರುವುದಿಲ್ಲ. ಮತ ವಿಭಜನೆ ಆದರೆ ಹೆಸರು ಸಮೇತ ಸಿಗುತ್ತದೆ. ಇನ್ನೊಂದು, ಕಾನೂನಿನ ಒಳಗೆ "ಸರ್ಕಾರ ನಿಯಮಗಳಲ್ಲಿ ಸೂಚಿಸುವಂತೆ" ಎಂಬ ಪದಗಳು ಎಷ್ಟು ಸಲ ಬರುತ್ತವೆ ಎಂದು ಎಣಿಸಿ. ಅಂಥ ಪ್ರತಿ ಜಾಗದಲ್ಲೂ ಸಂಸತ್ತು ತನ್ನ ಪೆನ್ನನ್ನು ಸರ್ಕಾರಕ್ಕೆ ಕೊಟ್ಟಿದೆ. ಸ್ವಲ್ಪ ಮಟ್ಟಿಗೆ ಇದು ಬೇಕು, ಅರ್ಜಿ ನಮೂನೆ ಹೇಗಿರಬೇಕು ಎಂದು ಸದನ ಕೂತು ತೀರ್ಮಾನಿಸಲಾಗದು. ಆದರೆ ಯಾರಿಗೆ ಶಿಕ್ಷೆ, ಯಾರಿಗೆ ವಿನಾಯಿತಿ ಎಂಬುದೂ ನಿಯಮಗಳಿಗೆ ಹೋಗಿದ್ದರೆ ನೀವು ತಕರಾರು ತೆಗೆಯಬೇಕು. ಸುಗ್ರೀವಾಜ್ಞೆಯ ವಿಷಯದಲ್ಲೂ ಅಷ್ಟೇ, ಸಂಸತ್ತು ಸೇರದೆ ಇರುವಾಗಿನ ತುರ್ತಿಗೆ ಇರುವ ದಾರಿ ಅದು. ಭಾರತದಲ್ಲಿ ಸದನ ಮತ್ತೆ ಸೇರಿದ ಆರು ವಾರದಲ್ಲಿ ಒಪ್ಪಿಗೆ ಸಿಗದಿದ್ದರೆ ಸುಗ್ರೀವಾಜ್ಞೆ ಸಾಯುತ್ತದೆ.

ಸದನ ಎಷ್ಟು ದಿನ ಸೇರುತ್ತದೆ, ಮುಚ್ಚುವವರು ಯಾರು

ಬಾಗಿಲು ಹಾಕಿದ ಸದನ ಯಾರನ್ನೂ ಪ್ರಶ್ನಿಸುವುದಿಲ್ಲ. ಮೊದಲ ಲೋಕಸಭೆ (1952–57) ಒಟ್ಟು 677 ದಿನ ಸೇರಿತ್ತು, 17ನೆಯದು 274 ದಿನ. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು ಎಂದು 85ನೇ ವಿಧಿ ಹೇಳುತ್ತದೆ, ವರ್ಷಕ್ಕೆ ಕನಿಷ್ಠ ಎಷ್ಟು ದಿನ ಎಂದು ಹೇಳುವುದಿಲ್ಲ. ಕರೆಯುವ ಅಧಿಕಾರ ಎಲ್ಲಿದೆ ಎಂದು ನಿಮ್ಮ ದೇಶದ ಸಂವಿಧಾನದಲ್ಲಿ ಹುಡುಕಿ. ಯಾರನ್ನು ಪ್ರಶ್ನಿಸಬೇಕೋ ಅವರೇ ಕರೆಯುವವರೂ ಆಗಿದ್ದರೆ ಅಲ್ಲಿ ಕಣ್ಣಿಟ್ಟಿರಿ.

ಬ್ರಿಟನ್ನಿನಲ್ಲಿ 2019ರಲ್ಲಿ ಬ್ರೆಕ್ಸಿಟ್ (ಯುರೋಪಿಯನ್ ಒಕ್ಕೂಟ ಬಿಡುವ) ಗಡುವು ಹತ್ತಿರ ಬಂದಾಗ ಸರ್ಕಾರ ಐದು ವಾರ ಸಂಸತ್ತನ್ನು ಮುಚ್ಚಲು ಹೊರಟಿತು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಅದು ಕಾನೂನಿಗೆ ವಿರುದ್ಧ ಎಂದರು. ತಕ್ಕ ಕಾರಣ ಇಲ್ಲದೆ ಸಂಸತ್ತಿನ ಕೆಲಸವನ್ನು ತಡೆಯುವಂತಿಲ್ಲ ಎಂಬುದು ತೀರ್ಪಿನ ತಿರುಳು. ಮರುದಿನವೇ ಸದನ ಸೇರಿತು.

ದಕ್ಷಿಣ ಕೊರಿಯಾದ 2024ರ ಡಿಸೆಂಬರ್ 3ರ ರಾತ್ರಿ ಇದಕ್ಕಿಂತ ದೊಡ್ಡ ಪಾಠ. ಅಧ್ಯಕ್ಷ ಯೂನ್ ಸುಕ್ ಯೋಲ್ ಏಕಾಏಕಿ ಸೇನಾ ಕಾನೂನು ಘೋಷಿಸಿದರು, ಸೈನಿಕರು ಸಂಸತ್ ಭವನಕ್ಕೆ ಬಂದರು. ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೇಳಿದರೆ ಸೇನಾ ಕಾನೂನನ್ನು ಹಿಂತೆಗೆಯಲೇಬೇಕು ಎಂದು ಅಲ್ಲಿನ ಸಂವಿಧಾನದಲ್ಲಿದೆ. ಸದಸ್ಯರಿಗೆ ಅದು ಗೊತ್ತಿತ್ತು. ಕೆಲವರು ಬೇಲಿ ಹತ್ತಿ ಒಳಗೆ ಹೋದರು. 300ರಲ್ಲಿ 190 ಮಂದಿ ಸೇರಿ, 190–0 ಮತದಲ್ಲಿ ಹಿಂತೆಗೆಯಿರಿ ಎಂದರು. ಬೆಳಗಾಗುವುದರೊಳಗೆ ಅದು ಹಿಂದೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯ ಯೂನ್ ಅವರನ್ನು ಅಧಿಕಾರದಿಂದ ತೆಗೆಯಿತು.

ಜರ್ಮನಿಯಲ್ಲಿ 1933ರ ಮಾರ್ಚ್ 23ರಂದು ನಡೆದದ್ದು ಇದರ ತದ್ವಿರುದ್ಧ. ಸಂಸತ್ತಿನ ಒಪ್ಪಿಗೆ ಇಲ್ಲದೆಯೇ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರ್ ಸರ್ಕಾರಕ್ಕೆ ಸಂಸತ್ತೇ ಮತ ಹಾಕಿ ಕೊಟ್ಟಿತು, 444–94ರಲ್ಲಿ. ಕಮ್ಯುನಿಸ್ಟ್ ಸದಸ್ಯರನ್ನು ಒಳಗೆ ಬಿಟ್ಟಿರಲಿಲ್ಲ, ಸಭೆಯ ಸುತ್ತ ಹಿಟ್ಲರನ ಪಡೆ ನಿಂತಿತ್ತು. ವಿರುದ್ಧ ಮತ ಹಾಕಿದ 94 ಮಂದಿಯೂ ಸೋಶಿಯಲ್ ಡೆಮಾಕ್ರಾಟ್ ಪಕ್ಷದವರು. ಅವರ ನಾಯಕ ಓಟೋ ವೆಲ್ಸ್ ಆ ಸಭೆಯಲ್ಲೇ ಎದ್ದು ನಿಂತು ಬೇಡ ಎಂದು ವಾದಿಸಿದರು. ಆ ದಿನ ಅಂಥ ಮಾತು ಆಡಲು ಎಷ್ಟು ಎದೆಗಾರಿಕೆ ಬೇಕಿತ್ತೋ! ಹಾಗಾಗಿ ಯಾವುದೇ ಸರ್ಕಾರ "ಇದೊಂದು ಸಲ, ತುರ್ತು ಇದೆ, ನಮಗೇ ಬಿಡಿ" ಎಂದು ಕೇಳಿದಾಗ, ಎಷ್ಟು ದಿನಕ್ಕೆ, ವಾಪಸ್ ಪಡೆಯುವ ದಾರಿ ಯಾವುದು ಎಂದು ಮಸೂದೆಯಲ್ಲೇ ಹುಡುಕಿ. ಅವಧಿ ಬರೆದಿಲ್ಲದಿದ್ದರೆ, ಅಥವಾ ಬರೆದಿದ್ದರೂ ಸರ್ಕಾರವೇ ಮುಂದೂಡಬಹುದು ಎಂದಿದ್ದರೆ, ಜೋರಾಗಿ ಕೇಳಿ.

ನಿಮ್ಮ ಸದಸ್ಯರನ್ನು ಅಳೆಯುವಾಗ

ಹಾಜರಾತಿ ಪಟ್ಟಿ ನೋಡುವುದು ಸುಲಭ, ಆದರೆ ಬರೀ ಅದರಿಂದ ಮೋಸ ಹೋಗುತ್ತೀರಿ. ಸಹಿ ಹಾಕಿ ಕೂತವರೆಲ್ಲ ಕೆಲಸ ಮಾಡಿದವರಲ್ಲ. ಅವರು ಕೇಳಿದ ಪ್ರಶ್ನೆ, ಯಾವ ಸಮಿತಿಯಲ್ಲಿದ್ದಾರೆ, ಸಮಿತಿಯ ಸಭೆಗಳಿಗೆ ಹೋಗಿದ್ದಾರಾ, ಯಾವುದಕ್ಕೆ ತಿದ್ದುಪಡಿ ತಂದರು ಎಂದು ನೋಡಿ. ರಸ್ತೆ, ಚರಂಡಿ ಮಾಡಿಸಿಲ್ಲ ಎಂದು ಸಂಸದರನ್ನು ಬೈಯುವ ರೂಢಿ ಬಹಳ. ಆ ಕೆಲಸಕ್ಕೆ ಸ್ಥಳೀಯ ಸಂಸ್ಥೆಗಳಿವೆ. ಸಂಸದರನ್ನು ಅವರ ನಿಜವಾದ ಕೆಲಸದ ಮೇಲೆ ಅಳೆಯದೇ ಹೋದರೆ ಅವರೂ ಆ ಕೆಲಸ ಬಿಡುತ್ತಾರೆ.

ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಎಷ್ಟು ಬಿಗಿ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬ್ರಿಟನ್ನಿನಲ್ಲಿ 2003ರಲ್ಲಿ ಇರಾಕ್ ಯುದ್ಧದ ಮತದಾನದ ವೇಳೆ ಆಡಳಿತ ಲೇಬರ್ ಪಕ್ಷದ 139 ಸದಸ್ಯರು ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿದರು. ಅದಕ್ಕಾಗಿ ಯಾರ ಸ್ಥಾನವೂ ಹೋಗಲಿಲ್ಲ. 2013ರಲ್ಲಿ ಸಿರಿಯಾ ಮೇಲೆ ಸೇನಾ ಕ್ರಮದ ಗೊತ್ತುವಳಿ 285–272ರಲ್ಲಿ ಬಿತ್ತು, ಸರ್ಕಾರ ಹಿಂದೆ ಸರಿಯಿತು. ಭಾರತದಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ ಮೀರಿ ಮತ ಹಾಕಿದರೆ ಸ್ಥಾನವೇ ಹೋಗಬಹುದು. ದುಡ್ಡಿಗೆ, ಕುರ್ಚಿಗೆ ಪಕ್ಷ ಬದಲಿಸುವುದನ್ನು ತಡೆಯಲು ಬಂದ ಕಾನೂನು ಅದು, ಅದರ ಅಗತ್ಯ ಇತ್ತು. ಆದರೆ ಸರ್ಕಾರ ಬೀಳದ ಸಾಮಾನ್ಯ ಮಸೂದೆಗಳಿಗೂ ಅದು ಅನ್ವಯ ಆಗುವುದರಿಂದ ಫಿರೋಜ್ ಗಾಂಧಿಯಂಥ ಸದಸ್ಯರು ಇಂದು ಪ್ರಶ್ನೆ ಕೇಳಬಹುದು, ಮತ ಮಾತ್ರ ಬೇರೆ ಹಾಕಲಾಗದು. ವಿಶ್ವಾಸಮತ ಮತ್ತು ಬಜೆಟ್‌ಗೆ ಮಾತ್ರ ಅದನ್ನು ಸೀಮಿತ ಮಾಡಬೇಕು ಎಂಬುದು ಹಳೆಯ ವಾದ, ನನಗೂ ಅದೇ ಸರಿ ಅನಿಸುತ್ತದೆ.

ಒಳಗೆ ಯಾರು ಕೂತಿದ್ದಾರೆ ಎಂದೂ ಒಮ್ಮೆ ನೋಡಿ. ಫಿನ್ಲೆಂಡಿನಲ್ಲಿ 1907ರಲ್ಲೇ 200 ಸ್ಥಾನಗಳಲ್ಲಿ 19 ಮಹಿಳೆಯರು ಗೆದ್ದಿದ್ದರು, ರುವಾಂಡಾದಲ್ಲಿ 2008ರ ಚುನಾವಣೆಯ ನಂತರ ಕೆಳಮನೆಯಲ್ಲಿ ಮಹಿಳೆಯರೇ ಅರ್ಧಕ್ಕಿಂತ ಹೆಚ್ಚಾದರು. ಸಂಖ್ಯೆ ಇದ್ದ ಮಾತ್ರಕ್ಕೆ ಸರ್ಕಾರವನ್ನು ಪ್ರಶ್ನಿಸುವ ಸ್ವಾತಂತ್ರ್ಯ ಇದೆ ಎಂದಾಗುವುದಿಲ್ಲ, ರುವಾಂಡಾ ಅದಕ್ಕೂ ಉದಾಹರಣೆ.

ಕೊನೆಗೆ, ಒಂದು ಪತ್ರ

ಓದಿದ್ದನ್ನು ಉಪಯೋಗಿಸಬೇಕಲ್ವಾ. 18ನೇ ಶತಮಾನದ ಬ್ರಿಟನ್ನಿನಲ್ಲಿ ಸದನದ ಚರ್ಚೆಯನ್ನು ಅಚ್ಚು ಹಾಕುವುದೇ ಅಪರಾಧ ಆಗಿತ್ತು, 1771ರಲ್ಲಿ ಮುದ್ರಕರ ಪರ ನಿಂತ ಲಂಡನ್ ಮೇಯರ್ ಬ್ರಾಸ್ ಕ್ರಾಸ್ಬಿಯನ್ನೇ ಸಂಸತ್ತು ಸೆರೆಗೆ ಕಳಿಸಿತ್ತು. ಅಷ್ಟು ಕಷ್ಟಪಟ್ಟು ಸಿಕ್ಕಿದ ಕಾಗದಗಳು ಈಗ ನಿಮ್ಮ ಫೋನಿನಲ್ಲೇ ಇವೆ.

ನಿಮ್ಮ ಸದಸ್ಯರಿಗೆ ಬರೆಯುವಾಗ ದೇಶದ ಪರಿಸ್ಥಿತಿ ಬಗ್ಗೆ ನಾಲ್ಕು ಪುಟ ಬೇಡ. ಅರ್ಧ ಪುಟ ಸಾಕು. ಇಂಥ ದಿನ, ಇಂಥ ಸಂಖ್ಯೆಯ ಪ್ರಶ್ನೆಗೆ ಮಂತ್ರಿ ಹೀಗೆ ಉತ್ತರ ಕೊಟ್ಟಿದ್ದಾರೆ, ಅದರಲ್ಲಿ ಇಂಥ ವಿವರ ಇಲ್ಲ, ಮುಂದಿನ ಅಧಿವೇಶನದಲ್ಲಿ ಇದನ್ನು ಕೇಳಿ ಎಂದು ಬರೆಯಿರಿ. ಕೇಳಬೇಕಾದ ಪ್ರಶ್ನೆಯನ್ನೂ ನೀವೇ ಬರೆದುಕೊಡಿ, ಎರಡು ಮೂರು ಸಾಲಿನಲ್ಲಿ, ವರ್ಷ ಮತ್ತು ಜಾಗ ಸಮೇತ. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡಬೇಕು, ಹಾಗಾಗಿ ಅಧಿವೇಶನದ ದಿನಾಂಕ ಪ್ರಕಟ ಆದ ಕೂಡಲೇ ಕಳಿಸಿ. ಅವರು ಆಡಳಿತ ಪಕ್ಷದವರಾಗಿದ್ದರೂ ಕಳಿಸಿ. ಅವರು ಕೇಳದಿದ್ದರೆ ಆ ಇಲಾಖೆಯ ಸ್ಥಾಯಿ ಸಮಿತಿಯ ಸದಸ್ಯರೊಬ್ಬರಿಗೆ ಅದೇ ಪತ್ರ ಕಳಿಸಿ. ಸಮಿತಿಗಳು ಮಸೂದೆಗಳ ಮೇಲೆ ಜನರ ಅಭಿಪ್ರಾಯ ಕರೆದಾಗಲೂ ಹೀಗೇ, ಇಂಥ ಕಲಂ, ಇಂಥ ಪದ, ಅದರ ಬದಲು ಇದು ಎಂದು ಬರೆದವರ ಮಾತಿಗೆ ವರದಿಯಲ್ಲಿ ಜಾಗ ಸಿಗುವ ಸಾಧ್ಯತೆ ಜಾಸ್ತಿ.

ಉತ್ತರ ಬಂದರೆ ದಿನಾಂಕ, ಪ್ರಶ್ನೆ ಸಂಖ್ಯೆ ಬರೆದಿಟ್ಟುಕೊಳ್ಳಿ, ಪ್ರತಿ ತೆಗೆದಿಟ್ಟುಕೊಳ್ಳಿ. ಮುಂದೆ ಅದೇ ವಿಷಯದ ಮೇಲೆ ಬೇರೆ ಯಾರಾದರೂ ಕೇಳಿದಾಗ ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಂಕಿ ತಾಳೆ ಆಗದಿದ್ದರೆ ಅದನ್ನೇ ಹಿಡಿದು ಮುಂದಿನ ಪತ್ರ ಬರೆಯಿರಿ.